ಗ್ರೀಕ್ ದೇವರುಗಳಲ್ಲಿ ಮನುಷ್ಯನೆಷ್ಟು, ದೇವರೆಷ್ಟು?

ಫೋನಿನ ಗೇಮು, ಓಟಿಟಿ ಸರಣಿ, ದೊಡ್ಡ ಪರದೆಯ ಸಿನಿಮಾ, ಎಲ್ಲಿ ನೋಡಿದರೂ ಈಗ ಝ್ಯೂಸ್, ಅಥೀನಾ, ಪೊಸೈಡನ್. ಮಕ್ಕಳಿಗೆ ಇವರು ಸೂಪರ್‌ಹೀರೋಗಳ ಹಾಗೆ ಕಾಣುತ್ತಾರೆ. ದೊಡ್ಡವರು ಮೂಲ ಕತೆ ಹುಡುಕಿಕೊಂಡು ಹೋದರೆ ತಲೆ ಕೆಡುತ್ತದೆ. ಹೆಂಡತಿಗೆ ಸುಳ್ಳು ಹೇಳುವ ದೇವರಾಜ, ಗಾಯವಾದರೆ ಕಿರುಚಿಕೊಂಡು ಅಪ್ಪನ ಹತ್ತಿರ ಓಡುವ ಯುದ್ಧದ ದೇವರು, ತನಗೆ ಮರ್ಯಾದೆ ಕೊಡಲಿಲ್ಲವೆಂದು ಒಬ್ಬ ಹುಡುಗನನ್ನು ಸಾಯಿಸುವ ಪ್ರೇಮದೇವತೆ. ಇಂಥವರನ್ನು ಜನ ನಿಜವಾಗಿ ಪೂಜೆ ಮಾಡುತ್ತಿದ್ದರಾ?

ಮಾಡುತ್ತಿದ್ದರು, ಸಾವಿರ ವರ್ಷಕ್ಕೂ ಜಾಸ್ತಿ ಕಾಲ. ಕ್ರಿ.ಶ. 4ನೇ ಶತಮಾನದ ಕೊನೆಯಲ್ಲಿ ರೋಮ್ ಚಕ್ರವರ್ತಿ ಥಿಯೊಡೋಸಿಯಸ್ ಬಲಿ ಕೊಡುವುದನ್ನು ಕಾನೂನಿನಿಂದಲೇ ನಿಷೇಧಿಸಿದ. ಆಮೇಲೂ ಅಲ್ಲಲ್ಲಿ ಪೂಜೆ ನಡೆದೇ ಇತ್ತು.

ನಮಗೆ ಗೊಂದಲ ಬರುವುದು ಅಳತೆಗೋಲಿನಿಂದ. ದೇವರು ಎಂದರೆ ಒಳ್ಳೆಯವನು ಎಂದು ನಾವು ಮೊದಲೇ ತೀರ್ಮಾನ ಮಾಡಿಕೊಂಡಿರುತ್ತೇವೆ. ಗ್ರೀಕರು ಗೆರೆ ಎಳೆದದ್ದು ಬೇರೆ ಕಡೆ. ಮನುಷ್ಯ ಸಾಯುತ್ತಾನೆ, ದೇವರು ಸಾಯುವುದಿಲ್ಲ. ಅವರ ಕಾವ್ಯಗಳಲ್ಲಿ ದೇವರುಗಳಿಗೆ ಮತ್ತೆ ಮತ್ತೆ ಬರುವ ಹೆಸರೇ 'ಸಾವಿಲ್ಲದವರು'. ಅವರ ಬಲ, ಅವರ ಉಡಾಫೆ, ಕೊನೆಗೆ ಅವರ ಕ್ರೌರ್ಯ ಕೂಡ ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತದೆ.

ಗ್ರಂಥವಿಲ್ಲದ ಧರ್ಮ

ಮೊದಲು ಸ್ವಲ್ಪ ಹಿನ್ನೆಲೆ. ಆಗ ಗ್ರೀಸ್ ಎಂಬ ಒಂದೇ ದೇಶ ಇರಲಿಲ್ಲ. ಅಥೆನ್ಸ್, ಸ್ಪಾರ್ಟಾ, ಕೊರಿಂಥ್ ತರದ ನೂರಾರು ಪುಟ್ಟ ನಗರರಾಜ್ಯಗಳಿದ್ದವು. ಭಾಷೆ ಒಂದು, ದೇವರುಗಳೂ ಹೆಚ್ಚುಕಮ್ಮಿ ಅವರೇ. ಆದರೆ ಎಲ್ಲರೂ ಒಪ್ಪಿದ ಒಂದು ಧರ್ಮಗ್ರಂಥ ಇರಲಿಲ್ಲ. ಇದನ್ನೇ ನಂಬಬೇಕು ಎಂದು ಹೇಳುವ ಮಠವೂ ಇರಲಿಲ್ಲ.

ದೇವರು ಹೇಗಿರುತ್ತಾರೆ ಎಂಬುದನ್ನು ಜನ ತಿಳಿದುಕೊಂಡಿದ್ದು ಕವಿಗಳಿಂದ. ಕ್ರಿ.ಪೂ. 8ನೇ ಶತಮಾನದ ಹೊತ್ತಿಗೆ ರೂಪುಗೊಂಡ ಹೋಮರನ 'ಇಲಿಯಡ್' ಮತ್ತು 'ಒಡಿಸ್ಸಿ', ಕ್ರಿ.ಪೂ. 700ರ ಆಸುಪಾಸಿನ ಹೆಸಿಯಡ್‌ನ ದೇವವಂಶಾವಳಿ, ಇವೇ ಮುಖ್ಯ. ಗ್ರೀಕರಿಗೆ ದೇವರ ಹೆಸರು, ಕೆಲಸ, ರೂಪ ಎಲ್ಲವನ್ನೂ ಕೊಟ್ಟವರು ಈ ಇಬ್ಬರೇ ಎಂದು ಕ್ರಿ.ಪೂ. 5ನೇ ಶತಮಾನದಲ್ಲಿ ಇತಿಹಾಸಕಾರ ಹೆರೊಡೊಟಸ್ ಬರೆದ. ಕವಿ ಹೇಳಿದ್ದು ಶಾಸನವೇನೂ ಅಲ್ಲ. ಒಂದೇ ಕತೆಗೆ ಊರಿಗೊಂದು ರೂಪ ಇರುತ್ತಿತ್ತು, ಅದು ಯಾರಿಗೂ ತೊಂದರೆ ಅನಿಸುತ್ತಿರಲಿಲ್ಲ.

ದೊಡ್ಡ ದೇವರುಗಳು ಹನ್ನೆರಡು ಎಂಬ ಲೆಕ್ಕವಿತ್ತು. ಆಕಾಶ ಮತ್ತು ಸಿಡಿಲಿನ ಒಡೆಯ ಝ್ಯೂಸ್, ಅವನ ಹೆಂಡತಿ ಹೇರಾ, ಸಮುದ್ರ ಮತ್ತು ಭೂಕಂಪದ ಪೊಸೈಡನ್, ಬೆಳೆಯ ತಾಯಿ ಡಿಮೀಟರ್, ಬುದ್ಧಿ ಮತ್ತು ಕೈಕಸುಬಿನ ಅಥೀನಾ, ಬಿಲ್ಲು ಮತ್ತು ಸಂಗೀತದ ಅಪೊಲೊ, ಬೇಟೆಯ ಕನ್ಯಾದೇವತೆ ಆರ್ಟೆಮಿಸ್, ಪ್ರೇಮದ ಆಫ್ರೊಡೈಟಿ, ಯುದ್ಧದ ಏರಿಸ್, ಕಮ್ಮಾರ ಹಿಫೀಸ್ಟಸ್, ದೂತ ಹರ್ಮೀಸ್. ಹನ್ನೆರಡನೆಯ ಜಾಗ ಕೆಲವು ಪಟ್ಟಿಗಳಲ್ಲಿ ಒಲೆಯ ದೇವತೆ ಹೆಸ್ಟಿಯಾಗೆ, ಕೆಲವುಗಳಲ್ಲಿ ದ್ರಾಕ್ಷಾರಸದ ಡಯೊನೈಸಸ್‌ಗೆ. ಇವರ ಮನೆ ಒಲಿಂಪಸ್ ಬೆಟ್ಟ. ಅದು ಈಗಲೂ ಗ್ರೀಸ್‌ನಲ್ಲಿ ಇರುವ, 2,900 ಮೀಟರಿಗೂ ಎತ್ತರದ ಬೆಟ್ಟವೇ.

ಲೋಕ ಮೊದಲು, ದೇವರು ಆಮೇಲೆ

ಈ ದೇವರುಗಳು ಲೋಕವನ್ನು ಸೃಷ್ಟಿಸಿದವರಲ್ಲ. ಹೆಸಿಯಡ್ ಹೇಳುವಂತೆ ಮೊದಲು ಇದ್ದದ್ದು ಬರೀ ತೆರಪು. ಆಮೇಲೆ ಭೂಮಿ ಬಂತು. ಭೂಮಿಯಿಂದ ಆಕಾಶ ಹುಟ್ಟಿತು. ಅವರಿಬ್ಬರ ಮಗ ಕ್ರೋನಸ್ ಅಪ್ಪನನ್ನು ಸೋಲಿಸಿ ಅಧಿಕಾರ ಹಿಡಿದ. ತನ್ನ ಮಕ್ಕಳೂ ಹೀಗೇ ಮಾಡಿಯಾರು ಎಂದು ಹೆದರಿ, ಹುಟ್ಟಿದ ಹಾಗೆಲ್ಲ ಒಂದೊಂದು ಕೂಸನ್ನೂ ನುಂಗಿದ. ಕೊನೆಯ ಮಗು ಝ್ಯೂಸ್‌ನ ಸರದಿ ಬಂದಾಗ ತಾಯಿ ರೀಯಾ ಬಟ್ಟೆ ಸುತ್ತಿದ ಕಲ್ಲನ್ನು ಗಂಡನ ಕೈಗಿಟ್ಟಳು. ಆತ ಅದನ್ನೇ ನುಂಗಿದ. ಬೆಳೆದ ಝ್ಯೂಸ್ ಅಪ್ಪನನ್ನು ಕೆಳಗಿಳಿಸಿದ.

ಆಮೇಲೆ ಅಣ್ಣತಮ್ಮಂದಿರ ಆಸ್ತಿ ಪಾಲು. 'ಇಲಿಯಡ್' ಪ್ರಕಾರ ಚೀಟಿ ಎತ್ತಿದರು. ಝ್ಯೂಸ್‌ಗೆ ಆಕಾಶ, ಪೊಸೈಡನ್‌ಗೆ ಸಮುದ್ರ, ಹೇಡೀಸ್‌ಗೆ ಸತ್ತವರ ಲೋಕ. ಭೂಮಿ ಮತ್ತು ಒಲಿಂಪಸ್ ಮೂವರಿಗೂ ಸೇರಿದ್ದು. ಈ ಪಾಲಿನ ಬಗ್ಗೆ ಪೊಸೈಡನ್ ಆಮೇಲೂ ತಕರಾರು ತೆಗೆಯುತ್ತಾನೆ. ಝ್ಯೂಸ್ ಮತ್ತು ನಾನು ಸಮಾನರು, ಅವನು ತನ್ನ ಪಾಲಿನಲ್ಲಿ ತಾನಿರಲಿ ಎನ್ನುತ್ತಾನೆ.

ಲೋಕದ ಒಳಗೆ ಹುಟ್ಟಿದವರು ಎಂದ ಮೇಲೆ ಲೋಕದ ಕಟ್ಟುಗಳೂ ಅವರಿಗೆ ಅಂಟಿಕೊಂಡವು. ಅವರಿಗೆ ಹುಟ್ಟು ಇದೆ, ಬಾಲ್ಯ ಇದೆ. ಆದರೆ ಒಂದು ವಯಸ್ಸಿಗೆ ಬೆಳವಣಿಗೆ ನಿಂತುಬಿಡುತ್ತದೆ. ಝ್ಯೂಸ್ ಎಂದಿಗೂ ಗಡ್ಡದ ಯಜಮಾನ, ಅಪೊಲೊ ಎಂದಿಗೂ ಹರೆಯದ ಹುಡುಗ. ಹರ್ಮೀಸ್ ಅಂತೂ ಹುಟ್ಟಿದ ದಿನವೇ ತೊಟ್ಟಿಲಿಂದ ಇಳಿದು, ಆಮೆಯ ಚಿಪ್ಪಿನಿಂದ ತಂತಿವಾದ್ಯ ಮಾಡಿ, ಸಂಜೆ ಹೋಗಿ ಅಣ್ಣ ಅಪೊಲೊನ ಐವತ್ತು ಹಸು ಕದ್ದ.

ರಕ್ತವಿಲ್ಲ, ನೋವು ಇದೆ

ದೇವರ ಮೈ ಮನುಷ್ಯನ ಮೈಯ ಹಾಗೆಯೇ ಇರುತ್ತದೆ. ಕೈಕಾಲು, ನಿದ್ದೆ, ಹಸಿವು, ಕಾಮ ಎಲ್ಲ ಉಂಟು. ಆದರೆ ಅವರು ತಿನ್ನುವುದು ರೊಟ್ಟಿ ಅಲ್ಲ, ಆಂಬ್ರೋಸಿಯಾ. ಕುಡಿಯುವುದು ನೆಕ್ಟರ್. ಹೋಮರ್ ಇದಕ್ಕೊಂದು ಕಾರಣವನ್ನೇ ಕೊಡುತ್ತಾನೆ: ಅವರು ರೊಟ್ಟಿ ತಿನ್ನುವುದಿಲ್ಲ, ದ್ರಾಕ್ಷಾರಸ ಕುಡಿಯುವುದಿಲ್ಲ, ಅದಕ್ಕೇ ಅವರಿಗೆ ರಕ್ತವಿಲ್ಲ, ಅದಕ್ಕೇ ಅವರು ಸಾವಿಲ್ಲದವರು. ಅವರ ನರಗಳಲ್ಲಿ ಹರಿಯುವುದು ಐಕೋರ್ ಎಂಬ ಬೇರೆಯೇ ದ್ರವ.

ಈ ವಿವರ ಬರುವುದು ಯುದ್ಧದ ನಡುವೆ. 'ಇಲಿಯಡ್' ಹೇಳುವುದು ಗ್ರೀಕರಿಗೂ ಟ್ರಾಯ್ ನಗರದವರಿಗೂ ನಡೆದ ಯುದ್ಧದ ಕತೆ. ಆ ಯುದ್ಧದಲ್ಲಿ ಆಫ್ರೊಡೈಟಿ ತನ್ನ ಮಗನನ್ನು ಕಾಪಾಡಲು ರಣರಂಗಕ್ಕೆ ಬರುತ್ತಾಳೆ. ಡಯೊಮೀಡಿಸ್ ಎಂಬ ಮನುಷ್ಯ ವೀರ ಅವಳ ಮಣಿಕಟ್ಟಿಗೆ ಈಟಿ ಚುಚ್ಚುತ್ತಾನೆ. ಅವಳು ಮಗನನ್ನು ಅಲ್ಲೇ ಬಿಟ್ಟು, ಕಿರುಚಿ, ಅಮ್ಮನ ಮಡಿಲಿಗೆ ಓಡುತ್ತಾಳೆ. ಅಷ್ಟಕ್ಕೇ ನಿಲ್ಲಲಿಲ್ಲ. ಅಥೀನಾಳ ಸಹಾಯದಿಂದ ಅದೇ ಡಯೊಮೀಡಿಸ್ ಯುದ್ಧದ ದೇವರು ಏರಿಸ್‌ನ ಹೊಟ್ಟೆಗೇ ಚುಚ್ಚುತ್ತಾನೆ. ಏರಿಸ್ ಒಂಬತ್ತು ಹತ್ತು ಸಾವಿರ ಸೈನಿಕರು ಒಟ್ಟಿಗೆ ಕೂಗಿದ ಹಾಗೆ ಅರಚುತ್ತಾನೆ. ಎರಡೂ ಕಡೆಯ ಸೈನ್ಯ ನಡುಗುತ್ತದೆ. ಆ ದನಿಯಲ್ಲಿ ಅವನ ದೈವಬಲ ಕಾಣುತ್ತದೆ. ಆದರೆ ಅರಚಿದ್ದು ನೋವಿಗೆ ತಾನೆ?

ಆತ ಅಪ್ಪನ ಹತ್ತಿರ ದೂರು ಹೇಳಲು ಹೋದರೆ ಝ್ಯೂಸ್, ಒಲಿಂಪಸ್‌ನಲ್ಲಿ ನಿನ್ನಷ್ಟು ನನಗೆ ಬೇಡವಾದವರು ಯಾರೂ ಇಲ್ಲ, ಆದರೂ ನನ್ನ ಮಗ ನೀನು ಎಂದು ಬೈದು ಔಷಧಿ ಹಾಕಿಸುತ್ತಾನೆ. ಗಾಯ ಕ್ಷಣದಲ್ಲಿ ಮಾಯ. ಏರಿಸ್ ಸ್ನಾನ ಮಾಡಿ, ಒಳ್ಳೆ ಬಟ್ಟೆ ಹಾಕಿಕೊಂಡು, ಅಪ್ಪನ ಪಕ್ಕ ಠೀವಿಯಿಂದ ಕೂರುತ್ತಾನೆ. ಕೆಳಗೆ ಅದೇ ಈಟಿಗಳಿಂದ ಚುಚ್ಚಿಸಿಕೊಂಡ ಮನುಷ್ಯರು ಯಾರೂ ಎದ್ದು ಸ್ನಾನಕ್ಕೆ ಹೋಗಲಿಲ್ಲ.

ಎಷ್ಟು ಬಲ, ಎಲ್ಲಿ ಮಿತಿ

ಬಲದ ವಿಷಯದಲ್ಲಿ ಅನುಮಾನವೇ ಬೇಡ. ಝ್ಯೂಸ್ ತಲೆಯಾಡಿಸಿದರೆ ಒಲಿಂಪಸ್ ಅಲುಗುತ್ತದೆ. ಪೊಸೈಡನ್ ಮೂರು ಹೆಜ್ಜೆ ಹಾಕಿ ನಾಲ್ಕನೆಯದಕ್ಕೆ ದೂರದ ತನ್ನ ಅರಮನೆ ಮುಟ್ಟುತ್ತಾನೆ. ಬೇಕಾದ ರೂಪ ತಾಳಬಲ್ಲರು, ಮಂಜಿನಲ್ಲಿ ಮರೆಯಾಗಬಲ್ಲರು, ಮನುಷ್ಯನ ಮನಸ್ಸಿಗೆ ಧೈರ್ಯವನ್ನೋ ಹುಚ್ಚನ್ನೋ ತುಂಬಬಲ್ಲರು.

ಆದರೆ ಎಲ್ಲವನ್ನೂ ಬಲ್ಲವರಲ್ಲ. ದೇವರಿಗೆ ಎಲ್ಲ ಗೊತ್ತು ಎಂಬ ಮಾತು ಗ್ರೀಕ್ ಕಾವ್ಯಗಳಲ್ಲಿ ಬರುತ್ತದೆ, ನಿಜ. ಕತೆ ಮಾತ್ರ ಬೇರೆ ಹೇಳುತ್ತದೆ. ಡಿಮೀಟರ್‌ಳ ಮಗಳು ಪರ್ಸೆಫೊನಿಯನ್ನು ಹೇಡೀಸ್ ಹೊತ್ತುಕೊಂಡು ಹೋದಾಗ ತಾಯಿ ಒಂಬತ್ತು ದಿನ ಪಂಜು ಹಿಡಿದು ಊಟ ನೀರು ಬಿಟ್ಟು ಹುಡುಕುತ್ತಾಳೆ. ಕೊನೆಗೆ ಸೂರ್ಯನನ್ನು ಕೇಳಿಯೇ ತಿಳಿಯಬೇಕಾಯಿತು. ಝ್ಯೂಸ್ ಕೂಡ ಮೋಸ ಹೋಗುತ್ತಾನೆ. ಯುದ್ಧದಿಂದ ಅವನ ಗಮನ ಬೇರೆಡೆ ಸೆಳೆಯಲು ಹೇರಾ ಸಿಂಗರಿಸಿಕೊಂಡು ಬಂದು, ನಿದ್ದೆಯ ದೇವರಿಗೆ ಆಮಿಷ ಒಡ್ಡಿ, ಗಂಡನನ್ನು ಮಲಗಿಸಿಬಿಡುತ್ತಾಳೆ. ಎದ್ದು ನೋಡಿದರೆ ಯುದ್ಧವೇ ತಿರುಗಿಬಿದ್ದಿದೆ!

ಎಲ್ಲಕ್ಕಿಂತ ದೊಡ್ಡ ಮಿತಿ ವಿಧಿ. ಝ್ಯೂಸ್‌ಗೆ ಮನುಷ್ಯ ಸ್ತ್ರೀಯಲ್ಲಿ ಹುಟ್ಟಿದ ಮಗ ಸಾರ್ಪೆಡನ್. ಅವನ ಸಾವಿನ ಗಳಿಗೆ ಬಂದಾಗ ಝ್ಯೂಸ್ ಉಳಿಸಲೇ ಎಂದು ಯೋಚಿಸುತ್ತಾನೆ. ಹೇರಾ ತಡೆಯುತ್ತಾಳೆ. 'ಮಾಡುವುದಾದರೆ ಮಾಡು. ಆದರೆ ಉಳಿದ ನಾವು ಯಾರೂ ಮೆಚ್ಚುವುದಿಲ್ಲ. ನಾಳೆ ಪ್ರತಿಯೊಬ್ಬರೂ ತಮ್ಮ ಮಕ್ಕಳನ್ನು ಉಳಿಸಿಕೊಳ್ಳಲು ಹೊರಡುತ್ತಾರೆ' ಎಂಬುದು ಅವಳ ವಾದ. ಝ್ಯೂಸ್ ಒಪ್ಪುತ್ತಾನೆ. ರಕ್ತದ ಮಳೆ ಸುರಿಸುತ್ತಾನೆ, ಮಗನನ್ನು ಬಿಟ್ಟುಕೊಡುತ್ತಾನೆ. ಅವನಿಗೆ ಉಳಿಸುವ ಶಕ್ತಿ ಇರಲಿಲ್ಲವೋ, ಇದ್ದೂ ಬಳಸಲಿಲ್ಲವೋ ಎಂದು ಓದುಗರು ಇವತ್ತಿಗೂ ಚರ್ಚೆ ಮಾಡುತ್ತಾರೆ. ಹೋಮರ್ ಅದನ್ನು ಬಿಡಿಸಿ ಹೇಳುವ ಗೋಜಿಗೆ ಹೋಗಿಲ್ಲ.

ಆಣೆಗೂ ಅವರು ಬದ್ಧರು. ಪಾತಾಳದ ಸ್ಟಿಕ್ಸ್ ನದಿಯ ಮೇಲೆ ಸುಳ್ಳು ಆಣೆ ಮಾಡಿದ ದೇವರು ಒಂದು ವರ್ಷ ಉಸಿರಿಲ್ಲದೆ, ಮಾತಿಲ್ಲದೆ ಬಿದ್ದಿರಬೇಕು. ಆಮೇಲೆ ಒಂಬತ್ತು ವರ್ಷ ದೇವಸಭೆಯಿಂದ, ಔತಣದಿಂದ ಬಹಿಷ್ಕಾರ. ಸಾಯಿಸಲು ಆಗದವರಿಗೆ ಕೊಡಬಹುದಾದ ಅತಿ ದೊಡ್ಡ ಶಿಕ್ಷೆ ಬಹುಶಃ ಇದೇ ಇರಬೇಕು.

ವೇಷದಲ್ಲಿ ಬಂದ ದೇವರನ್ನು ಗುರುತಿಸುವುದು

ದೇವರು ಮನುಷ್ಯರ ನಡುವೆ ಬರುವುದು ಸಾಮಾನ್ಯವಾಗಿ ವೇಷದಲ್ಲಿ. ಮುದುಕಿಯಾಗಿ, ಪರಿಚಿತ ಸೈನಿಕನಾಗಿ, ಅತಿಥಿಯಾಗಿ. ಆದರೆ ಎಲ್ಲೋ ಒಂದು ಕಡೆ ಸುಳಿವು ಸಿಗುತ್ತದೆ. ಆಫ್ರೊಡೈಟಿ ಮುದುಕಿಯ ರೂಪದಲ್ಲಿ ಬಂದರೂ, ಟ್ರಾಯ್ ಯುದ್ಧಕ್ಕೆ ಕಾರಣಳಾದ ಸುಂದರಿ ಹೆಲೆನ್ ಅವಳ ಸುಂದರ ಕುತ್ತಿಗೆ, ಹೊಳೆಯುವ ಕಣ್ಣು ನೋಡಿ ಹಿಡಿದುಬಿಡುತ್ತಾಳೆ. ಪೊಸೈಡನ್ ಜೋಯಿಸನ ರೂಪದಲ್ಲಿ ಬಂದು ಮಾತಾಡಿ ಹೋಗುವಾಗ, ಹಿಂದಿನಿಂದ ಅವನ ನಡಿಗೆ ನೋಡಿದ ಒಬ್ಬ ವೀರ ಇವನು ದೇವರೇ ಎನ್ನುತ್ತಾನೆ. ಮಹಾಭಾರತದ ದಮಯಂತಿ ನೆನಪಾಗುತ್ತಾಳೆ. ಬೆವರದ ಮೈ, ಬಾಡದ ಹೂಮಾಲೆ, ನೆಲ ತಾಗದ ಕಾಲು ನೋಡಿ ಅವಳು ದೇವತೆಗಳ ನಡುವೆ ನಳನನ್ನು ಹುಡುಕಿದಳು. ಗ್ರೀಕ್ ಕತೆಗಳಲ್ಲಿ ಅಷ್ಟು ಖಚಿತವಾದ ಪಟ್ಟಿ ಇಲ್ಲ. ಎತ್ತರ, ಬೆಳಕು, ಪರಿಮಳ, ಕಣ್ಣು, ಹೀಗೆ ಅಂದಾಜಿನ ಮೇಲೆಯೇ ನಡೆಯಬೇಕು.

ನಿಜರೂಪ ನೋಡುತ್ತೇನೆ ಎಂದು ಹಟ ಮಾಡಿದರೆ ಅಪಾಯ. ಝ್ಯೂಸ್‌ನ ಪ್ರಿಯತಮೆ ಸೆಮೆಲೆ ಹಾಗೆ ಕೇಳಿದಳು. ಆತ ಸಿಡಿಲಿನ ಜೊತೆ ಬಂದ, ಅವಳು ಸುಟ್ಟುಹೋದಳು. ಅವಳ ಹೊಟ್ಟೆಯಲ್ಲಿದ್ದ ಕೂಸನ್ನು ಝ್ಯೂಸ್ ತನ್ನ ತೊಡೆಯಲ್ಲಿ ಹೊಲಿದುಕೊಂಡು ಬೆಳೆಸಿದ. ಆ ಕೂಸೇ ಡಯೊನೈಸಸ್.

ಸಾಯದವರಿಗೆ ಧೈರ್ಯ ಏಕೆ ಬೇಕು?

'ಇಲಿಯಡ್' ಶುರುವಾಗುವುದೇ ದೇವರ ಸಿಟ್ಟಿನಿಂದ. ಅಪೊಲೊನ ಪೂಜಾರಿಗೆ ಗ್ರೀಕ್ ಸೈನ್ಯದ ನಾಯಕ, ರಾಜ ಅಗಮೆಮ್ನಾನ್ ಅವಮಾನ ಮಾಡುತ್ತಾನೆ. ಅಪೊಲೊ ಒಂಬತ್ತು ದಿನ ಬಾಣ ಬಿಟ್ಟು ಸೈನ್ಯಕ್ಕೆ ರೋಗ ತರುತ್ತಾನೆ. ತಪ್ಪು ರಾಜನದ್ದು, ಸತ್ತವರು ಸೈನಿಕರು. ಅದೇ ಅಧ್ಯಾಯದ ಕೊನೆಯಲ್ಲಿ ಒಲಿಂಪಸ್‌ನಲ್ಲೂ ಗಂಡ ಹೆಂಡತಿ ಜಗಳ. ಝ್ಯೂಸ್ ಹೇರಾಗೆ ಗದರುತ್ತಾನೆ. ಕುಂಟ ಹಿಫೀಸ್ಟಸ್ ಎದ್ದು ಎಲ್ಲರಿಗೂ ನೆಕ್ಟರ್ ಬಡಿಸುತ್ತಾ ಓಡಾಡುತ್ತಾನೆ. ಅವನನ್ನು ನೋಡಿ ದೇವರುಗಳು ಬಿದ್ದು ಬಿದ್ದು ನಗುತ್ತಾರೆ. ಜಗಳ ಅಲ್ಲಿಗೆ ಮುಗಿಯಿತು. ಕೆಳಗೆ ಅಗಮೆಮ್ನಾನ್‌ಗೂ ವೀರ ಅಕಿಲೀಸ್‌ಗೂ ಹತ್ತಿಕೊಂಡ ಜಗಳ ಹಾಗೆ ಮುಗಿಯುವುದಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತಾರಲ್ಲ, ಇಲ್ಲಿ ಕೂಸು ಎಂದರೆ ಮನುಷ್ಯಕುಲ.

ಇದು ಕವಿಯ ಅಜಾಗರೂಕತೆ ಅಲ್ಲ, ಬೇಕೆಂದೇ ಇಟ್ಟ ಜೋಡಿ ಎಂದು ನನಗೆ ಅನಿಸುತ್ತದೆ. ಕಳೆದುಕೊಳ್ಳಲು ಏನೂ ಇಲ್ಲದವರ ಸಿಟ್ಟು ಆಟವಾಗುತ್ತದೆ. ಇದನ್ನು ಸಾರ್ಪೆಡನ್ನೇ ಒಂದು ಕಡೆ ಬಾಯಿಬಿಟ್ಟು ಹೇಳುತ್ತಾನೆ. ಈ ಯುದ್ಧ ತಪ್ಪಿಸಿಕೊಂಡರೆ ಮುಪ್ಪು ಸಾವು ಇಲ್ಲದೆ ಇರಬಹುದು ಎಂದಿದ್ದರೆ ನಾನೂ ಮುಂದೆ ನಿಂತು ಹೊಡೆದಾಡುತ್ತಿರಲಿಲ್ಲ, ನಿನ್ನನ್ನೂ ಕಳಿಸುತ್ತಿರಲಿಲ್ಲ ಎಂದು ಗೆಳೆಯನಿಗೆ ಹೇಳುತ್ತಾನೆ. ಹೇಗೂ ಸಾಯುತ್ತೇವೆ, ಅದಕ್ಕೇ ಹೋಗೋಣ ಎಂಬುದು ಅವನ ಲೆಕ್ಕ. ಧೈರ್ಯ, ತ್ಯಾಗ, ಮರುಕ ಇವೆಲ್ಲ ಸಾಯುವವರ ಗುಣಗಳು. ದೇವರಿಗೆ ಇವುಗಳ ಅಗತ್ಯವೇ ಬೀಳುವುದಿಲ್ಲ.

ಸೊಫೊಕ್ಲಿಸ್‌ನ 'ಏಜಾಕ್ಸ್' ನಾಟಕ ಇದನ್ನು ಇನ್ನೂ ಚುರುಕಾಗಿ ತೋರಿಸುತ್ತದೆ. ಬಿ.ಎಂ.ಶ್ರೀ ಅವರ 'ಅಶ್ವತ್ಥಾಮನ್' ನಾಟಕಕ್ಕೆ ಮಾದರಿಯಾದದ್ದು ಇದೇ. ಅಕಿಲೀಸ್‌ನ ಕವಚ ತನಗೆ ಸಿಗಲಿಲ್ಲವೆಂದು ಕೆರಳಿದ ಏಜಾಕ್ಸ್, ರಾತ್ರಿ ತನ್ನ ಸೇನಾಪತಿಗಳನ್ನೇ ಕೊಲ್ಲಲು ಹೊರಡುತ್ತಾನೆ. ಅಥೀನಾ ಅವನ ಬುದ್ಧಿ ಕೆಡಿಸುತ್ತಾಳೆ. ಅವನು ಮನುಷ್ಯರೆಂದುಕೊಂಡು ದನ ಕುರಿಗಳನ್ನು ಕಡಿಯುತ್ತಾನೆ. ಅವನ ಶತ್ರು ಒಡಿಸ್ಯೂಸ್‌ನನ್ನು ಕರೆದು ಅಥೀನಾ ಆ ದೃಶ್ಯ ತೋರಿಸುತ್ತಾಳೆ. ಶತ್ರುವನ್ನು ನೋಡಿ ನಗುವುದಕ್ಕಿಂತ ಸಿಹಿ ಬೇರೆ ಇದೆಯೇ ಎಂದು ಕೇಳುತ್ತಾಳೆ. ಒಡಿಸ್ಯೂಸ್‌ಗೆ ನಗು ಬರುವುದಿಲ್ಲ. ಶತ್ರುವಾದರೂ ಅವನನ್ನು ಕಂಡರೆ ಅಯ್ಯೋ ಅನಿಸುತ್ತದೆ, ನಾವೆಲ್ಲ ಬರೀ ನೆರಳುಗಳು, ನಾಳೆ ನನಗೂ ಇದೇ ಗತಿ ಬರಬಹುದು ಎನ್ನುತ್ತಾನೆ. ಅಥೀನಾ ಅವನಷ್ಟು ಬುದ್ಧಿವಂತೆ ಅಲ್ಲವೆಂದಲ್ಲ. ಬುದ್ಧಿಯ ದೇವತೆಯೇ ಅವಳು. ಆದರೆ 'ನಾಳೆ ನನಗೂ' ಎಂಬ ಭಯ ಅವಳಿಗೆ ಇಲ್ಲ.

ಯೂರಿಪಿಡಿಸ್‌ನ 'ಹಿಪ್ಪೊಲಿಟಸ್' ಕ್ರಿ.ಪೂ. 428ರದು. ಮೊದಲೇ ಹೇಳಿದ ಹುಡುಗ ಇವನೇ. ಆರ್ಟೆಮಿಸ್‌ಳ ಪರಮಭಕ್ತ. ಪ್ರೇಮ ಗೀಮ ಬೇಡ ಎಂದು ಆಫ್ರೊಡೈಟಿಯನ್ನು ಕಡೆಗಣಿಸಿದ, ಅವಳು ಅವನನ್ನು ಮುಗಿಸಿದಳು. ಕೊನೆಗೆ ಆರ್ಟೆಮಿಸ್ ಬರುತ್ತಾಳೆ. ಏಕೆ ಕಾಪಾಡಲಿಲ್ಲ? ಒಬ್ಬ ದೇವರ ಇಚ್ಛೆಗೆ ಇನ್ನೊಬ್ಬರು ಅಡ್ಡ ಬರಬಾರದು ಎಂಬುದು ದೇವರುಗಳ ನಡುವಿನ ಕಟ್ಟಳೆ. ಸಾಯುವ ತನಕ ಜೊತೆಗಾದರೂ ಇರುತ್ತಾಳಾ? ಅದೂ ಇಲ್ಲ. ಸಾವಿನ ಮೈಲಿಗೆ ದೇವರಿಗೆ ತಾಗಬಾರದು. ಆ ಹುಡುಗ ಕೊನೆಯುಸಿರು ಎಳೆಯುವ ಮುಂಚೆಯೇ ಅವಳು ಹೊರಟುಬಿಡುತ್ತಾಳೆ.

ಹಾಗಾದರೆ ಪೂಜೆ ಏಕೆ?

ಕರೆಂಟ್ ಒಳ್ಳೆಯದೋ ಕೆಟ್ಟದೋ ಎಂದು ಯಾರೂ ಕೇಳುವುದಿಲ್ಲ. ಅದಿಲ್ಲದೆ ಮನೆ ನಡೆಯುವುದಿಲ್ಲ, ಬೇಕಾಬಿಟ್ಟಿ ಮುಟ್ಟಿದರೆ ಬಿಡುವುದಿಲ್ಲ, ಅಷ್ಟೇ. ಗ್ರೀಕ್ ದೇವರ ಜೊತೆಗಿನ ಸಂಬಂಧದ ಒಂದು ಭಾಗ ಹೀಗಿತ್ತು. ಮಳೆ, ಸಮುದ್ರ, ಹೆರಿಗೆ, ಬೆಳೆ, ರೋಗ ಎಲ್ಲವೂ ಯಾರದೋ ಕೈಯಲ್ಲಿವೆ. ಅವರನ್ನು ಚೆನ್ನಾಗಿಟ್ಟುಕೊಳ್ಳಬೇಕು. ಹೋಮರನ ಪೂಜಾರಿಯ ಪ್ರಾರ್ಥನೆ ಕೇಳಿ: ನಾನು ನಿನಗೆ ಗುಡಿ ಕಟ್ಟಿಸಿದ್ದರೆ, ಕೊಬ್ಬಿದ ತೊಡೆಗಳನ್ನು ಸುಟ್ಟು ಅರ್ಪಿಸಿದ್ದರೆ, ಈಗ ನನ್ನ ಕೋರಿಕೆ ನಡೆಸಿಕೊಡು. ಕೊಡು, ಕೊಳ್ಳು. ಉಪಕಾರಕ್ಕೆ ಪ್ರತ್ಯುಪಕಾರ.

ಬಲಿಯ ಪದ್ಧತಿಯೂ ದೇವರು ಮನುಷ್ಯರ ವ್ಯತ್ಯಾಸವನ್ನೇ ನೆನಪಿಸುತ್ತಿತ್ತು. ಪ್ರಾಣಿಯ ಮೂಳೆಗೆ ಕೊಬ್ಬು ಸುತ್ತಿ ಬೆಂಕಿಗೆ ಹಾಕಿದರೆ ಅದರ ಹೊಗೆ ದೇವರಿಗೆ. ಮಾಂಸ ಊರಿನವರಿಗೆ. ಪ್ರೊಮೀಥಿಯಸ್ ಎಂಬ ಉಪಾಯಗಾರ ದೇವರು ಒಮ್ಮೆ ಹೀಗೆ ಝ್ಯೂಸ್‌ಗೆ ಚಳ್ಳೆಹಣ್ಣು ತಿನ್ನಿಸಿದ್ದರಿಂದ ಈ ರೂಢಿ ಬಂತು ಎಂದು ಹೆಸಿಯಡ್ ಹೇಳುತ್ತಾನೆ.

ಕತೆಯ ಝ್ಯೂಸ್‌ಗೂ ಮನೆಯ ಝ್ಯೂಸ್‌ಗೂ ತುಂಬಾ ಅಂತರ ಇತ್ತು. ಉಗ್ರಾಣದಲ್ಲಿ ಒಂದು ಮಡಕೆ ಇಟ್ಟು, ಮನೆಯ ಆಸ್ತಿ ಕಾಯುವ ಝ್ಯೂಸ್ ಎಂದು ಪೂಜಿಸುತ್ತಿದ್ದರು. ಅತಿಥಿಗಳನ್ನು ಕಾಯುವ ಝ್ಯೂಸ್ ಬೇರೆ, ಆಣೆ ಕಾಯುವ ಝ್ಯೂಸ್ ಬೇರೆ. ಇಲ್ಲಿ ಅವನು ಹೆಣ್ಣುಗಳ ಹಿಂದೆ ಓಡುವ ರಸಿಕನಲ್ಲ. ಮನೆಗೆ ಬಂದವರನ್ನು ಹಿಂಸಿಸಿದರೆ, ಮಾತಿಗೆ ತಪ್ಪಿದರೆ ಕೇಳುವವನು. ಆದ್ದರಿಂದ ನ್ಯಾಯಕ್ಕೂ ದೇವರಿಗೂ ಸಂಬಂಧವೇ ಇರಲಿಲ್ಲ ಎನ್ನಲು ಬರುವುದಿಲ್ಲ. ಸುಮಾರು ಕ್ರಿ.ಪೂ. 464ರಲ್ಲಿ ಸ್ಪಾರ್ಟಾದಲ್ಲಿ ದೊಡ್ಡ ಭೂಕಂಪವಾಯಿತು. ಪೊಸೈಡನ್‌ನ ಗುಡಿಯಲ್ಲಿ ಮೊರೆಹೊಕ್ಕಿದ್ದ ಜೀತದವರನ್ನು ಎಬ್ಬಿಸಿ ತಂದು ಕೊಂದದ್ದೇ ಇದಕ್ಕೆ ಕಾರಣ ಎಂದು ಸ್ಪಾರ್ಟಾದವರೇ ನಂಬಿದ್ದರು ಎಂದು ಇತಿಹಾಸಕಾರ ಥುಸಿಡಿಡಿಸ್ ಬರೆದಿದ್ದಾನೆ.

ವಿಗ್ರಹವೂ ಮನುಷ್ಯ ರೂಪದ್ದೇ, ಆದರೆ ಅಳತೆ ಮೀರಿದ್ದು. ಒಲಿಂಪಿಯಾದಲ್ಲಿ ಶಿಲ್ಪಿ ಫಿಡಿಯಾಸ್ ಚಿನ್ನ ಮತ್ತು ದಂತದಲ್ಲಿ ಮಾಡಿದ ಕೂತ ಝ್ಯೂಸ್ ಸುಮಾರು 12 ಮೀಟರ್ ಎತ್ತರ ಇತ್ತು. ಎದ್ದು ನಿಂತರೆ ಗುಡಿಯ ಚಾವಣಿ ಹಾರಿಹೋಗುತ್ತದೆ ಎಂದು ಭೂಗೋಳಕಾರ ಸ್ಟ್ರಾಬೊ ಬರೆದ.

ಗ್ರೀಕರೇ ಕೇಳಿದ ಪ್ರಶ್ನೆ

ಈ ದೇವರುಗಳ ನಡತೆ ನಮಗೆ ಮಾತ್ರ ವಿಚಿತ್ರ ಅನಿಸಿದ್ದಲ್ಲ. ಕ್ರಿ.ಪೂ. 6ನೇ ಶತಮಾನದಲ್ಲೇ ಕ್ಸೆನೊಫನೀಸ್ ಎಂಬ ಕವಿ, ಚಿಂತಕ ನೇರವಾಗಿ ಕೆಣಕಿದ. ಕಳ್ಳತನ, ಹಾದರ, ಮೋಸ, ಮನುಷ್ಯರಲ್ಲಿ ನಾಚಿಕೆಗೇಡು ಎನಿಸಿದ್ದನ್ನೆಲ್ಲ ಹೋಮರ್ ಹೆಸಿಯಡ್ ದೇವರಿಗೆ ಅಂಟಿಸಿದರು ಎಂದ. ಇಥಿಯೋಪಿಯದವರ ದೇವರು ಕಪ್ಪು, ಥ್ರೇಸಿನವರ ದೇವರಿಗೆ ನೀಲಿ ಕಣ್ಣು. ಕುದುರೆಗೆ ಕೈ ಇದ್ದಿದ್ದರೆ ಅದು ಕುದುರೆ ರೂಪದ ದೇವರನ್ನೇ ಬರೆಯುತ್ತಿತ್ತು ಎಂಬುದು ಅವನ ಮಾತು. ಅವನ ಪ್ರಕಾರ ನಿಜವಾದ ದೇವರು ಮೈಯಲ್ಲೂ ಮನಸ್ಸಲ್ಲೂ ಮನುಷ್ಯನ ಹಾಗಿಲ್ಲ. ಮುಂದೆ ಪ್ಲೇಟೊ, ಇಂಥ ಕತೆಗಳನ್ನು ಮಕ್ಕಳಿಗೆ ಹೇಳಲೇಬಾರದು ಎಂದ. ದೇವರು ಒಳ್ಳೆಯವನೇ ಆಗಿರಬೇಕು ಎಂಬ ನಮ್ಮ ಅಳತೆಗೋಲು ಅಲ್ಲಿ ಹೀಗೆ ನಿಧಾನವಾಗಿ ತಯಾರಾಯಿತು. 'ಹಿಪ್ಪೊಲಿಟಸ್' ನಾಟಕದ ಮುದಿ ಆಳು ಆಫ್ರೊಡೈಟಿಯ ಮೂರ್ತಿಯ ಮುಂದೆ, ಹುಡುಗು ಬುದ್ಧಿಯ ಮಾತನ್ನು ಮನಸ್ಸಿಗೆ ಹಾಕಿಕೊಳ್ಳಬೇಡ, ದೇವರು ಮನುಷ್ಯರಿಗಿಂತ ವಿವೇಕಿಗಳಾಗಿರಬೇಕು ಎಂದು ಬೇಡಿಕೊಳ್ಳುತ್ತಾನೆ. ಅವಳು ಕೇಳಲಿಲ್ಲ.

ದೇವರನ್ನು ನೋಡಿ ನಗುವುದಕ್ಕೂ ಅಡ್ಡಿ ಇರಲಿಲ್ಲ. ಕ್ರಿ.ಪೂ. 399ರಲ್ಲಿ ಸಾಕ್ರಟೀಸ್‌ಗೆ ಮರಣದಂಡನೆ ಕೊಟ್ಟಾಗ ಒಂದು ಆರೋಪ, ನಗರ ಒಪ್ಪಿದ ದೇವರುಗಳನ್ನು ಇವನು ಒಪ್ಪುವುದಿಲ್ಲ ಎಂಬುದು. ಅದೇ ಅಥೆನ್ಸ್ ಆರು ವರ್ಷ ಮೊದಲು ಅರಿಸ್ಟೊಫನೀಸ್‌ನ 'ಕಪ್ಪೆಗಳು' ಪ್ರಹಸನಕ್ಕೆ ಮೊದಲ ಬಹುಮಾನ ಕೊಟ್ಟಿತ್ತು. ಡಯೊನೈಸಸ್‌ನ ಹಬ್ಬದಲ್ಲಿ ಆಡಿದ ನಾಟಕ ಅದು, ಅದರಲ್ಲಿ ಡಯೊನೈಸಸ್ಸೇ ಪುಕ್ಕಲ. ಸತ್ತವರ ಲೋಕಕ್ಕೆ ಹೋದ ಅವನು ಹೆದರಿ ತನ್ನ ಆಳಿನ ಜೊತೆ ವೇಷ ಬದಲಿಸಿಕೊಳ್ಳುತ್ತಾನೆ. ಸಿಕ್ಕಿಬಿದ್ದಾಗ ಇಬ್ಬರಲ್ಲಿ ದೇವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಬಾಗಿಲು ಕಾಯುವವನು ಇಬ್ಬರಿಗೂ ಸರದಿಯಂತೆ ಚಾಟಿಯೇಟು ಕೊಡುತ್ತಾನೆ, ದೇವರಾದರೆ ನೋವು ಆಗುವುದಿಲ್ಲ ಎಂಬ ಲೆಕ್ಕ. ಇಬ್ಬರೂ ಅರಚಿಕೊಳ್ಳುತ್ತಾರೆ, ಇಬ್ಬರೂ ಏನೇನೋ ನೆಪ ಹೇಳಿ ಮುಚ್ಚಿಡುತ್ತಾರೆ. ಕೊನೆಗೆ ಅವನು ಸೋತು, 'ನನಗಂತೂ ಗೊತ್ತಾಗುತ್ತಿಲ್ಲ, ಒಳಗೆ ನಡೆಯಿರಿ, ಯಜಮಾನರೂ ಪರ್ಸೆಫೊನಿಯೂ ದೇವರೇ ಅಲ್ವಾ, ಅವರು ಗುರುತು ಹಿಡಿಯುತ್ತಾರೆ' ಎನ್ನುತ್ತಾನೆ. ಅದಕ್ಕೆ ಡಯೊನೈಸಸ್ ಹೇಳುವುದು: 'ಸರಿಯಾಗಿ ಹೇಳಿದೆ. ನನಗೆ ಹೊಡೆಯುವ ಮುಂಚೆ ಇದು ಹೊಳೆದಿದ್ದರೆ ಚೆನ್ನಾಗಿತ್ತು.'